ಕ್ರಿಯಾಪದದ ಬಾಲಂಗೋಚಿ: ಇಂಗ್ಲಿಷಿನ ಫ್ರೇಸಲ್ ವರ್ಬ್ ತಲೆಗೆ ಹತ್ತುವುದು ಹೇಗೆ?

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ. ಇಂಗ್ಲಿಷ್ ವ್ಯಾಕರಣ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಆದರೆ ವಿದೇಶದ ಕ್ಲೈಂಟುಗಳ ಜೊತೆ ಮಾತಾಡುವಾಗ ‘ಪುಟ್ ಆಫ್’, ‘ಲುಕ್ ಇಂಟು’, ‘ಫಾಲ್ ಥ್ರೂ’, ‘ಪುಶ್ ಬ್ಯಾಕ್’ ಅಂದರೆ ಒಂದೊಂದು ಪದವೂ ಗೊತ್ತು, ಒಟ್ಟಾಗಿ ಏನು ಹೇಳಿದರು ಅಂತ ಮಾತ್ರ ತಿಳಿಯುವುದಿಲ್ಲ. ಹೀಗೆ ಕ್ರಿಯಾಪದಕ್ಕೆ ಚಿಕ್ಕ ಪದ ಸೇರಿ ಆಗುವ ಜೋಡಿಗಳ, ಅಂದರೆ ಫ್ರೇಸಲ್ ವರ್ಬ್‌ಗಳ, 500ರ ಪಟ್ಟಿಯೊಂದನ್ನು ಬಾಯಿಪಾಠ ಮಾಡಿದೆ, ಒಂದೇ ತಿಂಗಳಲ್ಲಿ ಮರೆತುಹೋಯಿತು. ನುಡಿಗಟ್ಟುಗಳದ್ದೂ ಇದೇ ಪಾಡು. ಯಾವ ದಾರಿ ಹಿಡಿಯಲಿ?

ಉತ್ತರ: ಆ ಪಟ್ಟಿಯನ್ನು ಮೊದಲು ಪಕ್ಕಕ್ಕಿಡಿ. ‘ಗೆಟ್ ಅಪ್, ಗೆಟ್ ಬೈ, ಗೆಟ್ ಓವರ್, ಗೆಟ್ ಥ್ರೂ’ ಎಂದು ಅಕ್ಷರಾನುಕ್ರಮದಲ್ಲಿ ಸಾಲಾಗಿ ನಿಲ್ಲಿಸಿದ ಪದಗಳ ನಡುವೆ ಅರ್ಥದ ನಂಟೇ ಇರುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದು ಹಿಂದೆ ಬರುವುದಿಲ್ಲ. ಹಾಗೆ ಕಲಿತದ್ದು ಒಂದು ತಿಂಗಳು ಉಳಿದದ್ದೇ ಹೆಚ್ಚು.

ಇದನ್ನು ಕಲಿಯಲು ಬೇಕಾದ ಕಸುಬು ನಿಮ್ಮ ಕನ್ನಡದಲ್ಲೇ ಇದೆ. ಕನ್ನಡ ಕಲಿಯಲು ಬಂದ ಹೊರಗಿನವರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರಿಗೆ ‘ಹೇಳು’ ಗೊತ್ತು, ‘ಕೊಡು’ ಗೊತ್ತು. ‘ಮೇಷ್ಟ್ರು ಲೆಕ್ಕ ಹೇಳಿಕೊಟ್ಟರು’ ಅಂದರೆ, ಲೆಕ್ಕ ಹೇಳಿ ಆಮೇಲೆ ಕೈಗೆ ಏನು ಕೊಟ್ಟರು ಅಂತ ಅವರು ಕೇಳುತ್ತಾರೆ. ‘ಕಷ್ಟ ಹೇಳಿಕೊಂಡಳು’, ‘ಗುಟ್ಟು ಹೇಳಿಬಿಟ್ಟ’, ‘ಡಾಕ್ಟರಿಗೆ ಹೇಳಿಕಳಿಸಿದರು’. ನಾಲ್ಕರಲ್ಲೂ ಇರುವುದು ಒಂದೇ ‘ಹೇಳು’, ಆದರೆ ನಾಲ್ಕೂ ಬೇರೆ ಕೆಲಸ. ‘ತೆಗೆ’ ನೋಡಿ: ತೆಗೆದುಕೋ, ತೆಗೆದಿಡು, ತೆಗೆದುಹಾಕು. ಅಂಗಡಿಯವನು ಸೀರೆ ತೆಗೆದಿಟ್ಟರೆ ನಿಮಗೆ ಖುಷಿ, ನಿಮ್ಮನ್ನು ಕೆಲಸದಿಂದ ತೆಗೆದುಹಾಕಿದರೆ ಕಷ್ಟ. ಇವನ್ನೆಲ್ಲ ನಾವು ಪಟ್ಟಿ ಮಾಡಿ ಕಲಿಯಲಿಲ್ಲ. ‘ಕೊಳ್ಳು’ ಬಂದರೆ ಕೆಲಸ ಮಾಡಿದವನ ಕಡೆಗೇ ತಿರುಗುತ್ತದೆ, ‘ಬಿಡು’ ಬಂದರೆ ಆಗಿಹೋಯಿತು, ಇನ್ನು ಹಿಂದಕ್ಕೆ ಬಾರದು, ‘ಇಡು’ ಬಂದರೆ ಮುಂದಕ್ಕೆ ಉಳಿಯುತ್ತದೆ ಎಂಬ ಅಂದಾಜು ಒಳಗೇ ಕೂತಿದೆ. ಗಾಳಿಪಟ ಯಾವುದಾದರೂ ಆಗಲಿ, ಅದು ಹೇಗೆ ಹಾರುತ್ತದೆ ಎಂಬುದನ್ನು ಹಿಂದೆ ಕಟ್ಟಿದ ಬಾಲಂಗೋಚಿ ಹೇಳುತ್ತದೆ.

ಇಂಗ್ಲಿಷಿನಲ್ಲೂ ಹೀಗೇ. ನಮ್ಮ ಬಾಲಂಗೋಚಿ ಇನ್ನೊಂದು ಕ್ರಿಯಾಪದ; ಅವರದ್ದು ದಿಕ್ಕು ಹೇಳುವ ಚಿಕ್ಕ ಪದ: ಅಪ್, ಡೌನ್, ಆಫ್, ಔಟ್, ಆನ್, ಓವರ್, ಥ್ರೂ, ಬ್ಯಾಕ್, ಅವೇ. ಹಾಗಾಗಿ ಕಲಿಯಬೇಕಾದದ್ದು ‘ಗೆಟ್’ನ ಅರ್ಥಗಳನ್ನಲ್ಲ, ‘ಅಪ್’ ಏನು ಮಾಡುತ್ತದೆ, ‘ಆಫ್’ ಏನು ಮಾಡುತ್ತದೆ ಎಂಬುದನ್ನು. ಹಂಗೇರಿಯ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಜೋಲ್ಟಾನ್ ಕೊವೆಚೆಶ್ ಮತ್ತು ಪೀಟರ್ ಸಾಬೊ 1996ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗದಲ್ಲಿ ಕಂಡದ್ದೂ ಇದೇ: ‘ಅಪ್’, ‘ಡೌನ್’ಗಳ ಹಿಂದಿನ ಕಲ್ಪನೆ ವಿವರಿಸಿಕೊಂಡು ಕಲಿತವರು, ಅರ್ಥ ಬರೆದುಕೊಂಡು ಬಾಯಿಪಾಠ ಮಾಡಿದವರಿಗಿಂತ ಚೆನ್ನಾಗಿ ಉತ್ತರಿಸಿದರು.

ನಮಗಷ್ಟೇ ಬಂದ ಕಷ್ಟ ಇದು ಅಂದುಕೊಳ್ಳಬೇಡಿ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಹೊರನಾಡಿನವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇಂಥ ಜೋಡಿಗಳೇ ಎಂದು ಮುನ್ನುಡಿಯಲ್ಲೇ ಬರೆದು ‘ಕಮ್ ಆಫ್’, ‘ಬ್ರೇಕ್ ಆಫ್’, ‘ಸೆಟ್ ಇನ್’, ‘ಟೇಕ್ ಆಫ್’ ಮುಂತಾದ ಉದಾಹರಣೆ ಕೊಟ್ಟಿದ್ದರು. ಅವರ ‘ಟೇಕ್ ಆಫ್’ಗೆ ಅರ್ಥ ‘ನಕಲು ಮಾಡು’. ವಿಮಾನ ಬರುವುದಕ್ಕೆ ಇನ್ನೂ ಸುಮಾರು 150 ವರ್ಷ ಇತ್ತು.

ಎಷ್ಟು ಕಲಿತರೆ ಸಾಕು ಎಂಬುದಕ್ಕೂ ಲೆಕ್ಕ ಇದೆ. 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಭಾಷಾ ಸಂಗ್ರಹವನ್ನು ಜಾಲಾಡಿದ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ 2007ರಲ್ಲಿ ತೋರಿಸಿದ್ದೇನೆಂದರೆ, ಅಲ್ಲಿ ಬಂದ ಫ್ರೇಸಲ್ ವರ್ಬ್‌ಗಳ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬರೀ 100 ಜೋಡಿಗಳೇ ತುಂಬಿಬಿಡುತ್ತವೆ. ಗೋ, ಕಮ್, ಟೇಕ್, ಗೆಟ್, ಸೆಟ್, ಟರ್ನ್, ಲುಕ್, ಪುಟ್, ಗಿವ್, ಬ್ರೇಕ್ ಹೀಗೆ 20 ಕ್ರಿಯಾಪದಗಳೇ ಅರ್ಧದಷ್ಟು ಕೆಲಸ ಮಾಡುತ್ತವೆ. 2015ರಲ್ಲಿ ಮೆಲೊಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಶ್ಮಿಟ್ ಹೆಚ್ಚು ಬಳಕೆಯ 150 ಜೋಡಿಗಳನ್ನು ಆರಿಸಿ, ನಿಜವಾಗಿ ಓಡಾಡುವ ಅರ್ಥಗಳನ್ನಷ್ಟೇ ಉಳಿಸಿಕೊಂಡರು: ಒಟ್ಟು 288 ಅರ್ಥ, ಜೋಡಿಗೆ ಸುಮಾರು ಎರಡು. ನಿಮ್ಮ 500ರ ಪಟ್ಟಿಯಲ್ಲಿ ಮುಕ್ಕಾಲು ಭಾಗ ಸದ್ಯಕ್ಕೆ ಬೇಡವೇ ಬೇಡ.

ಬಾಲಂಗೋಚಿಯ ಕೆಲಸ ಹತ್ತಿರದಿಂದ ನೋಡಲು ಕನ್ನಡ ಪತ್ರಿಕೆಯೇ ಸಾಕು. ‘ಲಾಕಪ್’, ‘ಲಾಕೌಟ್’, ‘ಲಾಕ್‌ಡೌನ್’ ಮೂರನ್ನೂ ನಾವು ಓದಿದ್ದೇವೆ. ಮೂರರಲ್ಲೂ ಬೀಗ ಒಂದೇ. ‘ಅಪ್’ ಬಂದರೆ ಪೂರ್ತಿ ಮುಚ್ಚಿ ಭದ್ರ ಮಾಡುವುದು, ಆರೋಪಿ ಪೊಲೀಸ್ ಠಾಣೆಯ ಲಾಕಪ್ಪಿನ ಒಳಗಿರುತ್ತಾನೆ. ‘ಔಟ್’ ಬಂದರೆ ಹೊರಗಿಡುವುದು, ಮಾಲೀಕ ಕಾರ್ಖಾನೆಗೆ ಬೀಗ ಜಡಿದಾಗ ಕಾರ್ಮಿಕರು ಗೇಟಿನ ಹೊರಗೆ. ‘ಡೌನ್’ ಬಂದರೆ ಅದುಮಿ ಹಿಡಿಯುವುದು, ಯಾರೂ ಇದ್ದಲ್ಲಿಂದ ಕದಲುವಂತಿಲ್ಲ. 2020ರ ಮಾರ್ಚಿನಲ್ಲಿ ಇಡೀ ದೇಶ ಕಂಡದ್ದು ಅದು. ಕ್ರಿಯಾಪದ ಒಂದೇ ಇದ್ದರೂ ಜನ ಎಲ್ಲಿರುತ್ತಾರೆ ಎಂಬುದನ್ನು ಬಾಲಂಗೋಚಿ ಹೇಳಿತು. ಸಿನಿಮಾ ಮಂದಿರದ ಮುಂದಿನ ಕಟೌಟ್, ಸಿಇಟಿಯ ಕಟ್‌ಆಫ್ ಕೂಡ ಹೀಗೇ: ಹಲಗೆಯಿಂದ ಆಕಾರವನ್ನು ಕತ್ತರಿಸಿ ಹೊರತೆಗೆದರೆ ಕಟೌಟ್, ಇಷ್ಟಕ್ಕೆ ಇನ್ನು ಮುಂದಿನವರಿಲ್ಲ ಎಂದು ತುಂಡರಿಸಿದರೆ ಕಟ್‌ಆಫ್.

ಈಗ ಮುಖ್ಯವಾದವನ್ನು ನೋಡೋಣ. ‘ಅಪ್’ ಮೇಲೆ ಅನ್ನುವುದಕ್ಕೆ ಇದ್ದದ್ದು, ಅಲ್ಲಿಂದ ಹೆಚ್ಚುವುದಕ್ಕೆ ಹೋಯಿತು: ಸ್ಪೀಡ್ ಅಪ್, ಟರ್ನ್ ಅಪ್ ದ ವಾಲ್ಯೂಮ್. ಕೊಡಕ್ಕೆ ನೀರು ತುಂಬುತ್ತಾ ಹೋದರೆ ಮಟ್ಟ ಮೇಲೇರಿ ಕಂಠ ಮುಟ್ಟುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ‘ಪೂರ್ತಿಯಾಗಿ’ ಎಂಬ ಅರ್ಥ ಬಂದದ್ದು ಹೀಗೆ ಅಂದುಕೊಂಡರೆ ನೆನಪಲ್ಲಿ ಉಳಿಯುತ್ತದೆ: ಈಟ್ ಅಪ್, ಯೂಸ್ ಅಪ್, ಫಿನಿಶ್ ಅಪ್. ಇಲ್ಲಿ ನಾವು ‘ತಿಂದುಮುಗಿಸು’, ‘ಖರ್ಚುಮಾಡಿಬಿಡು’ ಅನ್ನುತ್ತೇವೆ. ಮರೆಯಲ್ಲಿದ್ದದ್ದು ಮೇಲೆ ಬಂದರೆ ಕಣ್ಣಿಗೆ ಕಾಣುತ್ತದೆ: ಶೋ ಅಪ್, ಟರ್ನ್ ಅಪ್, ‘ಸಮ್‌ಥಿಂಗ್ ಹ್ಯಾಸ್ ಕಮ್ ಅಪ್’. ಈ ಕೊನೆಯದನ್ನು ಕ್ಲೈಂಟ್ ಹೇಳಿದರೆ ಏನೋ ಮೇಲೆ ಬಂದಿದೆ ಅಂತಲ್ಲ, ‘ಅಚಾನಕ್ ಒಂದು ಕೆಲಸ ಬಂತು, ಇವತ್ತು ಆಗಲ್ಲ’ ಅಂತ. ಇನ್ನೊಂದು ಅರ್ಥ ಚೂರುಚೂರು ಮಾಡುವುದು: ‘ಕಟ್ ಡೌನ್ ದ ಟ್ರೀ’ ಅಂದರೆ ಮರ ಉರುಳಿತು, ‘ಕಟ್ ಅಪ್ ದ ಟ್ರೀ’ ಅಂದರೆ ಉರುಳಿದ ಮರ ತುಂಡುತುಂಡಾಯಿತು.

‘ಆಫ್’ ನಮ್ಮವರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಬಾಲಂಗೋಚಿ. ಕಾರಣ ಸ್ವಿಚ್ಚು. ಆಫ್ ಅಂದರೆ ಆರಿಸುವುದು ಎಂದು ಮನಸ್ಸಿನಲ್ಲಿ ಅಚ್ಚೊತ್ತಿದೆ. ಅದಕ್ಕೇ ‘ದ ಅಲಾರ್ಮ್ ವೆಂಟ್ ಆಫ್’ ಎಂದರೆ ಅಲಾರ್ಮ್ ನಿಂತಿತು ಎಂದುಕೊಳ್ಳುತ್ತೇವೆ, ನಿಜಕ್ಕೂ ಅದು ಹೊಡೆದುಕೊಂಡಿತು. ಆಫ್‌ನ ಮೂಲ ಅರ್ಥ ಹಿಡಿದಿಟ್ಟದ್ದು ಬಿಟ್ಟುಕೊಳ್ಳುವುದು, ಕಳಚಿಕೊಳ್ಳುವುದು. ಬಿಗಿಹಿಡಿದ ಸ್ಪ್ರಿಂಗು ಬಿಟ್ಟಿತು, ಗಂಟೆ ಹೊಡೆಯಿತು. ಬಾಂಬು ‘ವೆಂಟ್ ಆಫ್’ ಅಂದರೆ ಸಿಡಿಯಿತು, ಬಂದೂಕು ‘ವೆಂಟ್ ಆಫ್’ ಅಂದರೆ ಗುಂಡು ಹಾರಿತು. ಬಟ್ಟೆ ಮೈಯಿಂದ, ವಿಮಾನ ನೆಲದಿಂದ ಕಳಚಿದರೆ ಟೇಕ್ ಆಫ್. ಸಾಲ ಹೆಗಲಿಂದ ಕಳಚಿದರೆ ಪೇ ಆಫ್. ಕಾರ್ಯಕ್ರಮ ಪಟ್ಟಿಯಿಂದ ಕಳಚಿದರೆ ಕಾಲ್ ಆಫ್, ಅಂದರೆ ರದ್ದು. ಇಂದಿನ ದಿನದಿಂದ ಕಳಚಿ ಆಚೆಗಿಟ್ಟರೆ ಪುಟ್ ಆಫ್. ಕಾಲ್ ಆಫ್ ಆದದ್ದು ಮತ್ತೆ ನಡೆಯುವುದಿಲ್ಲ, ಪುಟ್ ಆಫ್ ಆದದ್ದು ಮುಂದೆಂದೋ ನಡೆಯುತ್ತದೆ. ಇವೆರಡನ್ನು ಅದಲುಬದಲು ಮಾಡಿ ಮೇಲ್ ಕಳಿಸಿದರೆ ಹೋಟೆಲ್ ಬುಕಿಂಗ್ ರದ್ದಾಗಿರುತ್ತದೆ.

‘ಔಟ್’ಗೆ ಎರಡು ಮುಖ. ಒಳಗಿದ್ದದ್ದು ಹೊರಬಂದರೆ ಎಲ್ಲರಿಗೂ ಗೊತ್ತಾಗುತ್ತದೆ: ಫೈಂಡ್ ಔಟ್, ಪಾಯಿಂಟ್ ಔಟ್, ಟರ್ನ್ ಔಟ್. ‘ಸತ್ಯ ಹೊರಬಿತ್ತು’ ಎನ್ನುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲ್ಲವೂ ಹೊರಗೆ ಹೋದರೆ ಒಳಗೆ ಏನೂ ಉಳಿಯುವುದಿಲ್ಲ: ರನ್ ಔಟ್, ಸೆಲ್ ಔಟ್, ವೇರ್ ಔಟ್. ‘ವಿ ಹ್ಯಾವ್ ರನ್ ಔಟ್ ಆಫ್ ಟೈಮ್’ ಕೇಳಿದಾಗ ಕ್ರಿಕೆಟ್ ನೆನಪಾಗುವುದು ಸಹಜ, ಆದರೆ ಅಲ್ಲಿ ಯಾರ ವಿಕೆಟ್ಟೂ ಬಿದ್ದಿಲ್ಲ, ಸಮಯ ಮುಗಿದಿದೆ. ‘ರೂಲ್ ಔಟ್’ ಅಂದರೆ ನಮ್ಮ ‘ತಳ್ಳಿಹಾಕು’; ಇಲ್ಲೂ ಹೊರಕ್ಕೇ ತಳ್ಳುವುದು.

ಉಳಿದವು ಸುಲಭ. ‘ಆನ್’ ಮುಂದುವರಿಕೆ: ಕ್ಯಾರಿ ಆನ್, ಗೋ ಆನ್. ‘ಓವರ್’ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವುದು: ಹ್ಯಾಂಡ್ ಓವರ್, ಟೇಕ್ ಓವರ್; ಅದೇ ಕಣ್ಣಾಡಿಸುವುದೂ ಆಗುತ್ತದೆ: ಗೋ ಓವರ್, ಲುಕ್ ಓವರ್. ‘ಥ್ರೂ’ ತೂರಿ ಆಚೆ ಬರುವುದು. ನೀವು ತೂರಿ ಬಂದರೆ ‘ಗೆಟ್ ಥ್ರೂ’, ಪಾಸಾದಿರಿ. ಮಾಡಿಕೊಂಡ ಏರ್ಪಾಡು ಜರಡಿಯ ಕಣ್ಣಿನಿಂದ ತೂರಿ ಕೆಳಗೆ ಬಿದ್ದರೆ ‘ಫಾಲ್ ಥ್ರೂ’; ನಾವು ಅದನ್ನು ‘ಮುರಿದುಬಿತ್ತು’ ಅನ್ನುತ್ತೇವೆ. ಎಲ್ಲ ಜೋಡಿಗಳೂ ಹೀಗೆ ಬಿಡಿಸಿದರೆ ಬಿಡಿಸಿಕೊಳ್ಳುತ್ತವೆ ಎಂದು ಹೇಳಲಾರೆ. ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೊಳ್ಳುವುದು ಎಂಬುದನ್ನು ಹಾಗೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ನೀವು ಕೇಳಿದ ‘ಪುಶ್ ಬ್ಯಾಕ್’ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಕನ್ನಡ ಸಹಾಯ ಮಾಡುವ ಬದಲು ಕೈಕೊಡುತ್ತದೆ. ಮುಂದೂಡು, ಮುಂದಕ್ಕೆ ಹಾಕು ಅಂದರೆ ನಮಗೆ ತಡವಾಗುವುದು. ನಾವು ದಾರಿಯಲ್ಲಿ ನಡೆಯುತ್ತಿದ್ದೇವೆ, ಸಭೆಯನ್ನು ಆ ದಾರಿಯಲ್ಲಿ ಇನ್ನಷ್ಟು ಮುಂದಕ್ಕೆ ತಳ್ಳುತ್ತೇವೆ. ಇಂಗ್ಲಿಷಿನವರ ಲೆಕ್ಕದಲ್ಲಿ ಸಭೆಯೇ ಎದುರಿನಿಂದ ಬರುತ್ತಿರುವ ಬಸ್ಸು. ಅದನ್ನು ಬಂದ ದಾರಿಗೇ ಹಿಂದಕ್ಕೆ ತಳ್ಳಿದರೆ ನಮ್ಮನ್ನು ತಲುಪುವುದು ತಡ: ‘ಪುಶ್ ಬ್ಯಾಕ್’. ಇನ್ನೂ ಹತ್ತಿರಕ್ಕೆ ಎಳೆದುಕೊಂಡರೆ ಬೇಗ ಬರುತ್ತದೆ: ‘ಬ್ರಿಂಗ್ ಫಾರ್ವರ್ಡ್’. ಅಂದರೆ ಅವರ ‘ಬ್ಯಾಕ್’ ನಮ್ಮ ‘ಮುಂದೆ’, ಅವರ ‘ಫಾರ್ವರ್ಡ್’ ನಾವು ‘ಪ್ರಿಪೋನ್’ ಅನ್ನುವುದು. ‘ಮೀಟಿಂಗ್ ಮುಂದೆ ಹೋಗಿದೆ’ ಎಂಬುದನ್ನು ಯಥಾವತ್ತಾಗಿ ‘ದ ಮೀಟಿಂಗ್ ಹ್ಯಾಸ್ ಬೀನ್ ಮೂವ್ಡ್ ಫಾರ್ವರ್ಡ್’ ಎಂದು ಬರೆದರೆ ಕ್ಲೈಂಟ್ ಎರಡು ದಿನ ಮೊದಲೇ ಬಂದು ಕೂತಿರಬಹುದು. ಬುಧವಾರದ ಸಭೆ ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಆಗಿದೆ ಅಂದರೆ ಸೋಮವಾರವೋ ಶುಕ್ರವಾರವೋ ಎಂದು ಕೇಳಿದಾಗ ಇಂಗ್ಲಿಷ್ ಮನೆಮಾತಿನವರೇ ಇಬ್ಭಾಗವಾಗುತ್ತಾರೆ. ಹಾಗಾಗಿ ಯಾವ ಬಾಲಂಗೋಚಿ ಹಾಕಿದರೂ ಪಕ್ಕದಲ್ಲಿ ತಾರೀಖು ಬರೆಯಿರಿ. ಇನ್ನೊಂದು ಮಾತು: ವಿಷಯ ತಾರೀಖಿನದ್ದಲ್ಲದೆ, ‘ದ ಕ್ಲೈಂಟ್ ಪುಶ್ಡ್ ಬ್ಯಾಕ್’ ಎಂದರೆ ಕ್ಲೈಂಟ್ ಒಪ್ಪಲಿಲ್ಲ, ತಕರಾರು ತೆಗೆದರು ಎಂದರ್ಥ.

ಕಚೇರಿಯಲ್ಲಿ ಗೊಂದಲವಾಗುವ ಇನ್ನೊಂದು, ‘ವಿ ವಿಲ್ ಲುಕ್ ಇಂಟು ಇಟ್’. ವಿಷಯದ ಒಳಹೊಕ್ಕು ನೋಡುತ್ತೇವೆ ಎಂದರ್ಥ, ಸರಿಮಾಡಿಕೊಡುತ್ತೇವೆ ಎಂಬ ಮಾತು ಅದರಲ್ಲಿಲ್ಲ. ಮಾಡಿಮುಗಿಸುತ್ತೇವೆ ಅನ್ನಲು ‘ಸಾರ್ಟ್ ಔಟ್’ ಅಥವಾ ‘ಟೇಕ್ ಕೇರ್ ಆಫ್’ ಬೇಕು. ನಮ್ಮ ‘ನೋಡ್ತೀವಿ’ಗೂ ‘ನೋಡ್ಕೋತೀವಿ’ಗೂ ಇರುವ ದೂರವೇ ಇಲ್ಲೂ ಇದೆ.

ಇಂಗ್ಲಿಷಿನಲ್ಲಿ ಹಿಂದೆ ಈ ಚಿಕ್ಕ ಪದಗಳು ಕ್ರಿಯಾಪದದ ಮುಂದೆಯೇ ಅಂಟಿಕೊಳ್ಳುತ್ತಿದ್ದವು. ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’ ಆ ಕಾಲದ ಉಳಿಕೆ. ಲ್ಯಾಟಿನ್ನಿನಿಂದ ಬಂದ ‘ಪೋಸ್ಟ್‌ಪೋನ್’ ಕೂಡ ಒಡೆದು ನೋಡಿದರೆ ‘ಆಮೇಲೆ’ ಮತ್ತು ‘ಇಡು’, ಪುಟ್ ಆಫ್‌ನ ದೊಡ್ಡಪ್ಪನ ಮಗ. ಈಗ ಮುಂದಿರುವುದಕ್ಕೂ ಹಿಂದಿರುವುದಕ್ಕೂ ಅರ್ಥ ಬೇರೆಯಾಗಿರುವುದರಿಂದ ಎಚ್ಚರ ಬೇಕು. ‘ಐ ಲುಕ್ಡ್ ಓವರ್ ಯುವರ್ ರಿಪೋರ್ಟ್’ ಅಂದರೆ ವರದಿ ಓದಿ ನೋಡಿದೆ. ‘ಐ ಓವರ್‌ಲುಕ್ಡ್ ಯುವರ್ ರಿಪೋರ್ಟ್’ ಅಂದರೆ ವರದಿ ಕಣ್ತಪ್ಪಿಹೋಯಿತು. ಬಸ್ಸನ್ನು ಓವರ್‌ಟೇಕ್ ಮಾಡುತ್ತಾರೆ, ಕಂಪನಿಯನ್ನು ಟೇಕ್ ಓವರ್ ಮಾಡುತ್ತಾರೆ.

ವ್ಯಾಕರಣದಲ್ಲಿ ಒಂದೇ ಒಂದು ನಿಯಮ ಗಟ್ಟಿಯಾದರೆ ಅರ್ಧ ತಪ್ಪು ಹೋಗುತ್ತದೆ: ‘ಇಟ್’, ‘ದೆಮ್’, ‘ಹಿಮ್’ ಎಲ್ಲಿ ಕೂರಬೇಕು? ‘ಟರ್ನ್ ಆಫ್ ದ ಫ್ಯಾನ್’ ಸರಿ, ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ. ಆದರೆ ಫ್ಯಾನಿನ ಜಾಗಕ್ಕೆ ‘ಇಟ್’ ಬಂದರೆ ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ತಪ್ಪು. ಇತ್ತ ‘ಲುಕ್ ಆಫ್ಟರ್’ ಒಡೆಯುವುದಿಲ್ಲ, ‘ಲುಕ್ ಆಫ್ಟರ್ ಇಟ್’ ಎಂದೇ ಬರಬೇಕು. ಯಾವುದು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ? ಕಿವಿ ಹೇಳುತ್ತದೆ. ‘ಟರ್ನ್ ಇಟ್ ಆಫ್’ ಎನ್ನುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ಲುಕ್ ಅಟ್ ಇಟ್’ ಎನ್ನುವಾಗ ‘ಲುಕ್’ ಮೇಲೆ, ‘ಅಟ್’ ನುಂಗಿಹೋಗುತ್ತದೆ. ಬಾಲಂಗೋಚಿಗೆ ಒತ್ತು ಬೀಳುವುದು ಸಾಮಾನ್ಯವಾಗಿ ಒಡೆಯುವ ಜಾತಿಯದ್ದು. ಇದಕ್ಕೆ ಹಳೆಯ ಮೇಷ್ಟ್ರುಗಳ ಉದಾಹರಣೆಯೊಂದಿದೆ. ‘ಹಿ ರ‍್ಯಾನ್ ಅಪ್ ದ ಹಿಲ್’, ಗುಡ್ಡ ಹತ್ತಿ ಓಡಿದ. ‘ಹಿ ರ‍್ಯಾನ್ ಅಪ್ ಅ ಬಿಲ್’, ಬಿಲ್ ಏರಿಸಿಟ್ಟ. ಗುಡ್ಡವಾದರೆ ‘ರ‍್ಯಾನ್ ಅಪ್ ಇಟ್’, ಬಿಲ್ ಆದರೆ ‘ರ‍್ಯಾನ್ ಇಟ್ ಅಪ್’. ಕಣ್ಣಿಗೆ ಒಂದೇ ಥರ ಕಾಣುವ ಎರಡು ವಾಕ್ಯಗಳನ್ನು ‘ಇಟ್’ ಬೇರೆ ಮಾಡಿತು. ಹೆಸರು ತೀರಾ ಉದ್ದವಾಗಿದ್ದರೆ ನಡುವೆ ಸಿಕ್ಕಿಸಬೇಡಿ. ಬಾಲಂಗೋಚಿ ಬರುವಷ್ಟರಲ್ಲಿ ಕೇಳುವವರಿಗೆ ಕ್ರಿಯಾಪದವೇ ಮರೆತಿರುತ್ತದೆ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವಾಗ ಬಾಲಂಗೋಚಿ ಕಳಚಿಬೀಳುವ ಜಾಗಗಳೂ ಗೊತ್ತಿರಲಿ. ‘ನಾನು ನೋಡಿಕೊಳ್ಳುತ್ತಿರುವ ಪ್ರಾಜೆಕ್ಟ್’ ಎಂಬುದು ‘ದ ಪ್ರಾಜೆಕ್ಟ್ ಐ ಆ್ಯಮ್ ಲುಕಿಂಗ್’ ಎಂದು ನಿಂತುಬಿಡುತ್ತದೆ. ಕೊನೆಗೆ ‘ಆಫ್ಟರ್’ ಬರಲೇಬೇಕು. ‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಹಿಯರ್’ ಅಲ್ಲ, ‘ಹಿಯರಿಂಗ್’. ಆ ‘ಟು’ ಕೂಡ ಬಾಲಂಗೋಚಿಯದೇ ಭಾಗ, ‘ಟು ಗೋ’, ‘ಟು ಈಟ್’ನ ‘ಟು’ ಅಲ್ಲ. ಹಾಗೆಯೇ ನಾಮಪದವಾದರೆ ಒಂದೇ ಪದ, ಕ್ರಿಯಾಪದವಾದರೆ ಎರಡು: ‘ಬ್ಯಾಕಪ್’ ಇಟ್ಟುಕೊಳ್ಳುವ ಪ್ರತಿ, ‘ಬ್ಯಾಕ್ ಅಪ್’ ಮಾಡುವ ಕೆಲಸ. ‘ಬ್ಯಾಕಪ್ಡ್’, ‘ಲಾಗಿನ್ಡ್’ ಎಂಬ ರೂಪಗಳಿಲ್ಲ. ‘ಬ್ಯಾಕ್ಡ್ ಅಪ್’, ‘ಲಾಗ್ಡ್ ಇನ್’.

ಭಾರತದ ಇಂಗ್ಲಿಷಿನಲ್ಲಿ ಮಾತ್ರ ಓಡುವ ಕೆಲವು ಜೋಡಿಗಳಿವೆ. ಇವನ್ನು ತಪ್ಪು ಎಂದು ಬಯ್ಯುವವರ ಸಾಲಿಗೆ ನಾನು ಸೇರುವುದಿಲ್ಲ, ನಮ್ಮ ನಮ್ಮಲ್ಲಿ ಅರ್ಥವಾಗುತ್ತವೆ. ಹೊರಗಿನವರ ಮುಂದೆ ಮಾತ್ರ ನೋಡಿ ಬಳಸಿ. ‘ಐ ಪಾಸ್ಡ್ ಔಟ್ ಇನ್ 2018’ ಅಂದರೆ ಹೊರಗಿನವರಿಗೆ ಆ ವರ್ಷ ನೀವು ಪ್ರಜ್ಞೆ ತಪ್ಪಿ ಬಿದ್ದಿರಿ. ಸೈನ್ಯ, ಪೊಲೀಸ್ ತರಬೇತಿ ಮುಗಿಸಿದವರಿಗೆ ಮಾತ್ರ ಬ್ರಿಟನ್ನಿನಲ್ಲೂ ಆ ಮಾತು ಸಲ್ಲುತ್ತದೆ. ‘ಕೋಪ್ ಅಪ್ ವಿತ್’ನಲ್ಲಿ ‘ಅಪ್’ ಬೇಡ. ‘ಡಿಸ್ಕಸ್ ಅಬೌಟ್’ನಲ್ಲಿ ‘ಅಬೌಟ್’ ಬೇಡ. ‘ಇಳಿ’ಯ ನೆರಳಿನಲ್ಲಿ ಬಸ್ಸಿನಿಂದ ‘ಗೆಟ್ ಡೌನ್’ ಅನ್ನುತ್ತೇವೆ. ಬಸ್ಸು, ರೈಲು, ವಿಮಾನವಾದರೆ ‘ಗೆಟ್ ಆಫ್’, ಕಾರಾದರೆ ‘ಗೆಟ್ ಔಟ್ ಆಫ್’. ಅರ್ಜಿಯನ್ನು ನಾವು ‘ಫಿಲ್ ಅಪ್’ ಮಾಡುತ್ತೇವೆ, ಬ್ರಿಟಿಷರು ‘ಫಿಲ್ ಇನ್’, ಅಮೆರಿಕನ್ನರು ‘ಫಿಲ್ ಔಟ್’. ಸರ್ಕಾರಿ ಕಚೇರಿಯ ‘ಫೈಲ್ ಪುಟ್ ಅಪ್ ಮಾಡಿ’ ಲಂಡನ್ನಿನವರಿಗೆ ಗೋಡೆಗೆ ನೇತುಹಾಕಿದಂತೆ ಕೇಳಬಹುದು.

ಓದಿದರೆ ಗೊತ್ತಾಗುತ್ತದೆ, ಕೇಳಿದರೆ ಗೊತ್ತಾಗುವುದಿಲ್ಲ ಎಂಬುದಕ್ಕೆ ಸಂಧಿ ಕಾರಣ. ‘ಹೋಗಿ ಇದ್ದಾನೆ’ ಎಂದು ಬಿಡಿಸಿ ಯಾರೂ ಹೇಳುವುದಿಲ್ಲ, ‘ಹೋಗಿದ್ದಾನೆ’. ಹಾಗೇ ‘ಪಿಕ್ ಇಟ್ ಅಪ್’ ಅವರ ಬಾಯಲ್ಲಿ ‘ಪಿಕಿಟಪ್’, ‘ಫಿಗರ್ ಇಟ್ ಔಟ್’ ‘ಫಿಗರಿಟೌಟ್’. ಅಮೆರಿಕದವರಾದರೆ ನಡುವಿನ ‘ಟ’ ಮೆತ್ತಗಾಗಿ ‘ಪುಟ್ ಇಟ್ ಆಫ್’ ಹೆಚ್ಚುಕಡಿಮೆ ‘ಪುಡಿಡಾಫ್’ ಆಗುತ್ತದೆ. ಹೊಸ ಜೋಡಿ ಕಲಿತಾಗಲೆಲ್ಲ ‘ಇಟ್’ ಸೇರಿಸಿ, ಒಂದೇ ಉಸಿರಿನಲ್ಲಿ, ಹತ್ತು ಸಲ ಗಟ್ಟಿಯಾಗಿ ಹೇಳಿ. ನಾಲಿಗೆಗೆ ಒಗ್ಗಿದ್ದನ್ನು ಕಿವಿ ಬೇಗ ಗುರುತಿಸುತ್ತದೆ.

ನುಡಿಗಟ್ಟುಗಳ ಮಾತು ಬೇರೆ. ಅಲ್ಲಿ ಬಾಲಂಗೋಚಿ ಹಿಡಿದು ಅರ್ಥ ಊಹಿಸಲು ಆಗುವುದಿಲ್ಲ, ಇಡೀ ಮಾತು ಕಲ್ಲಾಗಿರುತ್ತದೆ. ‘ಬಸ್ಸು ಕೈಕೊಟ್ಟಿತು’ ಸರಿ. ‘ಬಸ್ಸು ಕೈಯನ್ನು ಕೊಟ್ಟಿತು’ ಅಂದರೆ ನಗು. ಒಂದು ಪ್ರತ್ಯಯ ಸೇರಿಸಿದ್ದಕ್ಕೇ ನುಡಿಗಟ್ಟು ಒಡೆಯಿತು. ಇಂಗ್ಲಿಷಿನಲ್ಲೂ ‘ಹಿ ಕಿಕ್ಡ್ ದ ಬಕೆಟ್’ ಅಂದರೆ ಸತ್ತ. ‘ದ ಬಕೆಟ್ ವಾಸ್ ಕಿಕ್ಡ್’ ಅಂದರೆ ಬರೀ ಬಕೆಟ್ಟಿಗೆ ಒದೆ ಬಿತ್ತು. ಅದಕ್ಕೇ ನನ್ನ ಸಲಹೆ: ನುಡಿಗಟ್ಟನ್ನು ಅರ್ಥ ಮಾಡಿಕೊಳ್ಳಲು ಕಲಿಯಿರಿ, ಬಳಸಲು ಅವಸರ ಬೇಡ.

ಅರ್ಥಮಾಡಿಕೊಳ್ಳಲು ಅದು ಯಾವ ಆಟದಿಂದ, ಯಾವ ಕಸುಬಿನಿಂದ ಬಂತು ಎಂದು ಕೇಳಿ. ಅಮೆರಿಕದ ಕಚೇರಿ ಭಾಷೆಯಲ್ಲಿ ಬೇಸ್‌ಬಾಲ್ ತುಂಬಿದೆ: ‘ಬಾಲ್‌ಪಾರ್ಕ್ ಫಿಗರ್’ ಅಂದರೆ ಅಂದಾಜು ಮೊತ್ತ, ‘ಟಚ್ ಬೇಸ್’ ಅಂದರೆ ಒಂದು ಮಾತು ಆಡಿಕೊಳ್ಳುವುದು, ‘ಕರ್ವ್‌ಬಾಲ್’ ಅಂದರೆ ನಿರೀಕ್ಷೆಯೇ ಇಲ್ಲದ ತೊಡಕು. ಬ್ರಿಟಿಷರ ಕ್ರಿಕೆಟ್ ಮಾತುಗಳು ನಮಗೆ ಸಲೀಸು, ಆದರೆ ಅಲ್ಲೂ ಒಂದು ಗುಂಡಿ ಇದೆ. ‘ಸಿಕ್ಸರ್ ಹೊಡೆದ’ ಅಂದರೆ ನಮಗೆ ಗೆಲುವು. ‘ದ ನ್ಯೂಸ್ ನಾಕ್ಡ್ ಮಿ ಫಾರ್ ಸಿಕ್ಸ್’ ಎನ್ನುವಾಗ ಹೇಳುವವರು ಬ್ಯಾಟ್ಸ್‌ಮನ್ ಅಲ್ಲ, ಚೆಂಡು. ಸುದ್ದಿ ಕೇಳಿ ಕುಸಿದುಹೋದರು. ‘ಟೇಬಲ್’ ಎಂಬ ಕ್ರಿಯಾಪದವಂತೂ ಬ್ರಿಟನ್ನಿನಲ್ಲಿ ಚರ್ಚೆಗೆ ಮಂಡಿಸುವುದು, ಅಮೆರಿಕದಲ್ಲಿ ಚರ್ಚೆ ಬಿಟ್ಟು ಬದಿಗಿಡುವುದು. ಕಾಲ್‌ನಲ್ಲಿ ಎರಡೂ ಕಡೆಯವರಿದ್ದರೆ ಈ ಪದವನ್ನೇ ಬಳಸಬೇಡಿ.

ಕನ್ನಡಕ್ಕೆ ಹತ್ತಿರವಿದ್ದಂತೆ ಕಾಣುವ ನುಡಿಗಟ್ಟು ಇನ್ನೂ ಅಪಾಯ. ‘ಬಟರ್ ಅಪ್’ ನಮ್ಮ ‘ಬೆಣ್ಣೆ ಹಚ್ಚು’ವೇ, ತೊಂದರೆಯಿಲ್ಲ. ಆದರೆ ‘ಪುಲ್ ಸಮ್‌ವನ್ಸ್ ಲೆಗ್’ ತಮಾಷೆ ಮಾಡುವುದಕ್ಕೆ ಮಾತ್ರ. ಮೇಲೇರುವವನ ‘ಕಾಲೆಳೆಯುವ’ ಅರ್ಥ ಅದಕ್ಕಿಲ್ಲ. ಸಹೋದ್ಯೋಗಿಗಳು ಅಡ್ಡಗಾಲು ಹಾಕುತ್ತಿದ್ದಾರೆ ಎಂದು ದೂರುವಾಗ ಅದನ್ನು ಬರೆದರೆ, ಮೇಲಧಿಕಾರಿ ನಕ್ಕು ಸುಮ್ಮನಾಗುತ್ತಾರೆ.

ಕಲಿಯುವ ಕ್ರಮ ಹೀಗಿರಲಿ. ಒಂದು ನೋಟ್‌ಬುಕ್, ಕ್ರಿಯಾಪದಕ್ಕೊಂದು ಪುಟದ ಬದಲು ಬಾಲಂಗೋಚಿಗೊಂದು ಪುಟ. ವಾರಕ್ಕೆ ಐದು ಜೋಡಿ ಸಾಕು, ಅದೂ ನಿಮಗೆ ಬಂದ ಮೇಲ್‌ನಿಂದ, ನೀವು ಕೇಳಿದ ಮಾತಿನಿಂದ. ಬಿಡಿ ಜೋಡಿ ಬರೆಯಬೇಡಿ, ವಾಕ್ಯ ಬಂದ ಹಾಗೇ ಬರೆದುಕೊಳ್ಳಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್‌ನವರ ಕಲಿಕೆಯ ನಿಘಂಟುಗಳು ಅಂತರ್ಜಾಲದಲ್ಲಿ ಪುಕ್ಕಟೆ ಇವೆ. ಹುಡುಕುವಾಗ ಜೋಡಿಯನ್ನೇ ಹುಡುಕಿ, ‘ಸಮ್‌ಥಿಂಗ್’ ಎಲ್ಲಿ ಕೂತಿದೆ ನೋಡಿ: ‘ಪುಟ್ ಸಮ್‌ಥಿಂಗ್ ಆಫ್’ ಎಂದಿದ್ದರೆ ಒಡೆಯುತ್ತದೆ, ‘ಲುಕ್ ಆಫ್ಟರ್ ಸಮ್‌ಬಡಿ’ ಎಂದಿದ್ದರೆ ಒಡೆಯುವುದಿಲ್ಲ. ಹತ್ತು ಅರ್ಥ ಕೊಟ್ಟಿದ್ದರೆ ನಿಮ್ಮ ವಾಕ್ಯಕ್ಕೆ ಹೊಂದುವ ಒಂದನ್ನು ಮಾತ್ರ ತೆಗೆದುಕೊಳ್ಳಿ. ಎದುರಿಗೆ ಕನ್ನಡವನ್ನೂ ಜೋಡಿಯಲ್ಲೇ ಬರೆಯಿರಿ: ‘ಗಿವ್ ಅಪ್’ಗೆ ‘ತ್ಯಜಿಸು’ ಎಂದು ಬರೆದರೆ ಮನಸ್ಸಿಗೆ ಅಂಟುವುದಿಲ್ಲ, ‘ಕೈಬಿಡು’ ಅಂಟುತ್ತದೆ. ಎರಡು ದಿನ ಬಿಟ್ಟು, ಮತ್ತೆ ಒಂದು ವಾರ ಬಿಟ್ಟು, ಬಾಲಂಗೋಚಿಯನ್ನು ಬೆರಳಿನಿಂದ ಮುಚ್ಚಿ ವಾಕ್ಯ ಓದಿ. ತುಂಬಲು ಬಂದರೆ ಆ ಸಾಲಿಗೆ ಗುರುತು ಹಾಕಿ ಮುಂದೆ ಹೋಗಿ.

ಕಾಲ್‌ನಲ್ಲಿ ಅರ್ಥವಾಗದೇ ಹೋದಾಗ ಏನು ಮಾಡುವುದು? ‘ಪಾರ್ಡನ್’ ಎಂದರೆ ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳುತ್ತಾರೆ, ನಿಮಗೇನೂ ಸಿಗುವುದಿಲ್ಲ. ಬದಲಿಗೆ ಅರ್ಥವಾದಷ್ಟನ್ನು ಸರಳ ಪದಗಳಲ್ಲಿ ಹೇಳಿ ಅವರಿಂದ ಹೌದೋ ಅಲ್ಲವೋ ಅನ್ನಿಸಿ: ‘ಸೋ ದ ನ್ಯೂ ಡೇಟ್ ಈಸ್ ದ ಫೋರ್ಟೀನ್ತ್, ಕರೆಕ್ಟ್?’ ಅಲ್ಲವಾದರೆ ಅವರೇ ಬಾಲಂಗೋಚಿ ಬಿಚ್ಚಿಟ್ಟು ನೇರ ಮಾತಿಗೆ ಇಳಿಯುತ್ತಾರೆ.